ನಿಜವಾದ ಮಧ್ಯಾಹ್ನ ಯಾವುದು?

ಧಾರವಾಡದ ಯಾವುದಾದರೊಂದು ಮನೆಯ ಅಂಗಳದಲ್ಲಿ ನೆಲವನ್ನು ನೀರುಮಟ್ಟಕ್ಕೆ ಸಮಮಾಡಿ, ಒಂದು ಕೋಲನ್ನು ಓಳಂಬದ ನೇರಕ್ಕೆ ನೆಟ್ಟು, ಅದರ ನೆರಳು ಅತ್ಯಂತ ಗಿಡ್ಡವಾಗುವ ಗಳಿಗೆಯನ್ನು ದಿನದಿನವೂ ಕಾಯ್ದು ನೋಡಿದವನಿಗೆ ಒಂದು ವಿಚಿತ್ರವು ಗೋಚರಿಸುವದು. ನವೆಂಬರ 3ರ ಸುಮಾರಿಗೆ ಆ ಗಳಿಗೆಯಲ್ಲಿ ಪಡಸಾಲೆಯ ಗಡಿಯಾರವು 12 ಹೊಡೆದು ಹದಿಮೂರು ಮಿನಿಟು ಕಳೆದಿರುವದು. ಫೆಬ್ರುವರಿ 11ರ ಸುಮಾರಿಗೆ ಅದೇ ಗಳಿಗೆಯಲ್ಲಿ ಅದೇ ಗಡಿಯಾರವು 12 ಗಂಟೆ 44 ಮಿನಿಟು ತೋರಿಸುವದು. ಉಳಿದ ದಿನಗಳೆಲ್ಲ ಈ ಎರಡು ಮೇರೆಗಳ ನಡುವೆ ಓಲಾಡುವವು. ವರ್ಷದ ಒಂದು ದಿನವಾದರೂ ನೆರಳಿನ ಮಧ್ಯಾಹ್ನವು ಗಡಿಯಾರದ ಹನ್ನೆರಡಕ್ಕೆ ಸರಿಯಾಗಿ ಬಂದು ಕೂಡುವದಿಲ್ಲ. ಗಡಿಯಾರವು ಕೆಟ್ಟಿಲ್ಲ, ಕೋಲೂ ಡೊಂಕಾಗಿಲ್ಲ.

ಹಾಗಾದರೆ ತಪ್ಪು ಯಾರದು? ಈ ಪ್ರಶ್ನೆಗೆ ಎರಡು ಸುಲಭವಾದ ಉತ್ತರಗಳು ಯಾವಾಗಲೂ ಸಿದ್ಧವಾಗಿರುವವು. ಸೂರ್ಯನು ಎಂದಾದರೂ ತಪ್ಪುವನೇ, ಗಡಿಯಾರವೇ ಸುಳ್ಳು ಎಂಬುದು ಒಂದು. ದೇಶಕ್ಕೆಲ್ಲ ಒಂದೇ ಎಂದು ಗೊತ್ತುಪಡಿಸಿದ ವೇಳೆಯೇ ವೇಳೆ, ನೆರಳನ್ನು ಕಟ್ಟಿಕೊಂಡು ಆಗಬೇಕಾದುದೇನು ಎಂಬುದು ಇನ್ನೊಂದು. ಇವೆರಡಕ್ಕೂ ಒಳಪಡದ ಮೂರನೆಯ ಮಾರ್ಗವೊಂದುಂಟು. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದೀಚೆಗೆ ಯುರೋಪಿನ ಕೆಲವು ಕುಶಲಿಗಳು ನೆರಳಿನಿಂದಲೇ ಗಡಿಯಾರದ ವೇಳೆಯನ್ನು ಮಿನಿಟು ತಪ್ಪದಂತೆ ತೋರಿಸುವ ಸೂಕ್ಷ್ಮವಾದ ಸೂರ್ಯಯಂತ್ರಗಳನ್ನು ನಿರ್ಮಿಸಿದರು. ಬಿಸಿಲಿನಲ್ಲಿ ನಿಲ್ಲಿಸಿದರೆ ಸಾಕು, ರೇಲ್ವೆ ನಿಲ್ದಾಣದ ಗಡಿಯಾರವು ಹೇಳುವದನ್ನೇ ಅದು ಹೇಳುವದು. ಅದನ್ನು ಬರಿಯ ಜಾಣ್ಮೆಯ ಆಟಿಕೆಯೆಂದು ಎಣಿಸುವವರು ಎಣಿಸಲಿ. ಆದರೆ ಆ ಯಂತ್ರದೊಳಗೆ ಒಂದು ಧರ್ಮಪ್ರಶ್ನೆಯು ಅಡಗಿರುವದು. ಕಣ್ಣಾರೆ ಕಂಡದ್ದೊಂದು, ಜನವು ಒಪ್ಪಿದ್ದು ಇನ್ನೊಂದು ಆಗಿರುವಲ್ಲಿ, ಕಂಡದ್ದನ್ನು ಒಪ್ಪಿದ್ದಕ್ಕೆ ಹೊಂದಿಸಿ ಹೇಳುವವನು ಸತ್ಯವನ್ನು ಬಿಟ್ಟುಕೊಟ್ಟನೇ? ಬಿಟ್ಟುಕೊಡದೆ ಹೊಂದಿಸುವ ಉಪಾಯವೇನಾದರೂ ಉಂಟೇ?

ಉತ್ತರಕ್ಕೆ ತೊಡಗುವ ಮೊದಲು ಅಂತರವು ಎಲ್ಲಿಂದ ಬಂತೆಂಬುದನ್ನು ಬಿಡಿಸಿ ನೋಡಬೇಕು. ಅದು ಒಂದೇ ಅಂತರವಲ್ಲ. ಎರಡು ಅಂತರಗಳು ಒಂದರ ಮೇಲೊಂದು ಕುಳಿತಿರುವವು. ಮೊದಲನೆಯದು ಸೃಷ್ಟಿಯಿಂದಲೇ ಬಂದದ್ದು. ಒಂದು ಮಧ್ಯಾಹ್ನದಿಂದ ಮರುದಿನದ ಮಧ್ಯಾಹ್ನದ ವರೆಗಿನ ಅವಧಿಯು ವರ್ಷವಿಡೀ ಸಮನಾಗಿರುವದಿಲ್ಲ. ಭೂಮಿಯು ಸೂರ್ಯನ ಸುತ್ತ ಹೋಗುವ ದಾರಿಯು ಪೂರ್ಣವೃತ್ತವಲ್ಲವಾದ್ದರಿಂದ ಅದರ ನಡಿಗೆ ಜನವರಿಯಲ್ಲಿ ಬಿರುಸು, ಜುಲೈಯಲ್ಲಿ ಮಂದ. ಅದರ ಮೇಲೆ ಭೂಮಿಯ ಅಕ್ಷವು ವಾಲಿಕೊಂಡಿರುವದರಿಂದ ಸೂರ್ಯನ ಕ್ರಾಂತಿಪಥವು ವಿಷುವದ್ವೃತ್ತಕ್ಕೆ ಓರೆಯಾಗಿ ಬಿದ್ದು ಇನ್ನೊಂದು ಏರುಪೇರನ್ನು ಕೂಡಿಸುವದು. ದಿನಕ್ಕೆ ಕೆಲವು ಸೆಕೆಂದುಗಳ ಈ ವ್ಯತ್ಯಾಸವು ಹನಿಗೂಡಿ ಫೆಬ್ರುವರಿಯಲ್ಲಿ ನೆರಳನ್ನು 14 ಮಿನಿಟು ಹಿಂದೆ ಹಾಕುವದು, ನವೆಂಬರದ ಮೊದಲಲ್ಲಿ 16 ಮಿನಿಟಿಗೂ ಸ್ವಲ್ಪ ಹೆಚ್ಚು ಮುಂದೆ ತರುವದು. ಏಪ್ರಿಲ್ 15, ಜೂನ್ 13, ಸೆಪ್ಟೆಂಬರ 1, ಡಿಸೆಂಬರ 25, ಈ ನಾಲ್ಕು ದಿನಗಳ ಸುಮಾರಿಗೆ ಮಾತ್ರ ಅದು ಸೊನ್ನೆಯಾಗುವದು. ಪಂಚಾಂಗದ ಭಾಷೆಯಲ್ಲಿ ಇದಕ್ಕೆ ವೇಳಾಂತರವೆಂದು ಹೆಸರು.

ಇದನ್ನು ಯಂತ್ರಯುಗದ ಹೊಸ ಶೋಧವೆಂದು ತಿಳಿಯುವದು ಸರಿಯಲ್ಲ. ನಮ್ಮ ಸಿದ್ಧಾಂತಕಾರರು ಮಧ್ಯಮರವಿ, ಸ್ಪಷ್ಟರವಿ ಎಂದು ಎರಡು ಸೂರ್ಯರನ್ನು ಲೆಕ್ಕದಲ್ಲಿ ಇಟ್ಟುಕೊಂಡಿದ್ದರು. ಮೊದಲನೆಯವನು ಸಮಗತಿಯಿಂದ ನಡೆಯುವ ಕಲ್ಪಿತ ಸೂರ್ಯ. ಎರಡನೆಯವನು ಕಣ್ಣಿಗೆ ಕಾಣುವವನು. ಗತಿಯ ಏರುಪೇರಿನಿಂದ ಬರುವ ಸಂಸ್ಕಾರಕ್ಕೆ ಭುಜಾಂತರವೆಂದೂ, ಪಥದ ಓರೆಯಿಂದ ಬರುವದಕ್ಕೆ ಉದಯಾಂತರವೆಂದೂ ಅವರು ಹೆಸರಿಟ್ಟರು. ಹನ್ನೊಂದನೆಯ ಶತಮಾನದ ಶ್ರೀಪತಿಯೂ, 1150ರಲ್ಲಿ ಸಿದ್ಧಾಂತಶಿರೋಮಣಿಯನ್ನು ರಚಿಸಿದ ಭಾಸ್ಕರಾಚಾರ್ಯನೂ ಈ ಉದಯಾಂತರವನ್ನು ವಿಚಾರಿಸಿದವರು. ಆದುದರಿಂದ ಸೂರ್ಯನ ವೇಳೆ ನಮ್ಮದು, ಗಡಿಯಾರದ ವೇಳೆ ಪರಕೀಯರದು ಎಂದು ಸಭೆಗಳಲ್ಲಿ ಕೇಳಿಬರುವ ಮಾತಿಗೆ ಆಧಾರ ಸಾಲದು. ಕಣ್ಣಿಗೆ ಕಾಣುವ ಸೂರ್ಯನನ್ನು ಸರಿಸಿ ಕಲ್ಪಿತ ಸೂರ್ಯನಿಂದ ದಿನವನ್ನು ಎಣಿಸುವ ಧೈರ್ಯವು ಈ ನೆಲದ ಜೋಯಿಸರಿಗೂ ಇದ್ದಿತು.

ಎರಡನೆಯ ಅಂತರವು ಮನುಷ್ಯನಿಂದ ಬಂದದ್ದು. ಧಾರವಾಡವು ಗ್ರೀನಿಚ್ಚಿನಿಂದ ಪೂರ್ವಕ್ಕೆ 75 ಅಂಶ ರೇಖಾಂಶದ ಮೇಲೆ, ಅಳೆದಿಟ್ಟಂತೆ ನಿಂತಿರುವದು. ಒಂದು ಅಂಶಕ್ಕೆ ನಾಲ್ಕು ಮಿನಿಟಾದ್ದರಿಂದ ಧಾರವಾಡದ ಸ್ವಂತ ಮಧ್ಯಮ ಕಾಲವು ಗ್ರೀನಿಚ್ಚಿಗಿಂತ ಸರಿಯಾಗಿ ಐದು ತಾಸು ಮುಂದು. ಭಾರತದ ಪ್ರಮಾಣ ವೇಳೆಯಾದರೋ 82½ ಅಂಶದ ರೇಖೆಯದು. ಆ ರೇಖೆಯು ಉತ್ತರಪ್ರದೇಶದ ಮಿರ್ಜಾಪುರದ ಸಮೀಪದಿಂದ ಹಾದುಹೋಗುವದು. ಹೀಗಾಗಿ ಧಾರವಾಡದ ಪ್ರತಿಯೊಂದು ಗಡಿಯಾರವೂ ತನ್ನ ಊರಿನ ಸೂರ್ಯನಿಗಿಂತ ಸರಾಸರಿ ಅರ್ಧ ತಾಸು ಮುಂದೆ ನಡೆಯುತ್ತಿರುವದು. ಹಿಂದಿನವರಿಗೂ ಇಂಥದೊಂದು ಮೂಲರೇಖೆ ಬೇಕಾಗಿತ್ತು. ಅವರು ಲಂಕೆಯಿಂದ ಉಜ್ಜಯಿನಿಯ ಮೂಲಕ ಕುರುಕ್ಷೇತ್ರಕ್ಕೆ ಎಳೆದ ರೇಖೆಯನ್ನು ಹಿಡಿದು, ಉಳಿದ ಊರುಗಳಿಗೆ ದೇಶಾಂತರ ಸಂಸ್ಕಾರವನ್ನು ಹೇಳಿದರು. ಉಜ್ಜಯಿನಿಯ ಆ ರೇಖೆಯು ಗದಗಿನ ಪೂರ್ವಕ್ಕೆ, ಲಕ್ಕುಂಡಿಯ ಮಗ್ಗುಲಲ್ಲಿಯೇ ಹಾದುಹೋಗುವದೆಂಬುದು ಈ ಭಾಗದವರಿಗೆ ಹೆಮ್ಮೆಯನ್ನಲ್ಲದಿದ್ದರೂ ಕುತೂಹಲವನ್ನು ಹುಟ್ಟಿಸತಕ್ಕದ್ದು. ಆ ಲೆಕ್ಕದಲ್ಲಿ ಧಾರವಾಡದ ಅಂತರವು ಮೂರು ಮಿನಿಟು ಮಾತ್ರ.

ಅರ್ಧ ತಾಸು ಒಮ್ಮೆಲೇ ಬರಲಿಲ್ಲ. 1880ರ ದಶಕದಲ್ಲಿ ಈ ನಾಡಿಗೆ ಉಗಿಬಂಡಿ ಬಂದಾಗ ಅದರ ಗಡಿಯಾರವು ಮದರಾಸಿನ ವೇಳೆಯನ್ನು ಹೊತ್ತುತಂದಿತು. ಅದು ಧಾರವಾಡದ ಮಧ್ಯಮ ಕಾಲಕ್ಕಿಂತ 21 ಮಿನಿಟು ಮುಂದು. ಊರೊಳಗಿನವರಿಗೆ ತಮ್ಮ ನೆರಳು, ನಿಲ್ದಾಣದವರಿಗೆ ತಮ್ಮ ಗಡಿಯಾರ. 1906ರ ಜನವರಿ 1ರಂದು ಸರಕಾರವು ಐದೂವರೆ ತಾಸಿನ ಪ್ರಮಾಣ ವೇಳೆಯನ್ನು ಜಾರಿಗೆ ತಂದಿತು. ಎರಡನೆಯ ಮಹಾಯುದ್ಧದಲ್ಲಿ, 1942ರ ಸೆಪ್ಟೆಂಬರದಿಂದ 1945ರ ಅಕ್ಟೋಬರದ ವರೆಗೆ, ಗಡಿಯಾರಗಳನ್ನು ಇನ್ನೂ ಒಂದು ತಾಸು ಮುಂದೆ ತಿರುಗಿಸಲಾಯಿತು. ಆ ಮೂರು ವರ್ಷ ಧಾರವಾಡದ ಸೂರ್ಯನು ನೆತ್ತಿಯ ರೇಖೆಗೆ ಬರುವ ಹೊತ್ತಿಗೆ ಗಡಿಯಾರದಲ್ಲಿ ಸರಾಸರಿ ಒಂದೂವರೆಯಾಗಿರುತ್ತಿತ್ತು. ಸೂರ್ಯನಿಗೆ ಯುದ್ಧದ ಸುದ್ದಿಯೇ ಮುಟ್ಟಿರಲಿಲ್ಲ.

ಇನ್ನು ಯಂತ್ರದ ಮಾತು. ಧಾರವಾಡದಲ್ಲಿ ಸಾದಾ ನೆರಳುಗಡಿಯಾರವನ್ನು ಮಾಡಬಯಸುವವನು ಮುಳ್ಳನ್ನು ಉತ್ತರ ಧ್ರುವದ ಕಡೆಗೆ ತಿರುಗಿಸಿ, ನೆಲದಿಂದ ಹದಿನೈದೂವರೆ ಅಂಶ ಎತ್ತಿ ನಿಲ್ಲಿಸಬೇಕು. ಈ ಊರಿನ ಅಕ್ಷಾಂಶವು ಅಷ್ಟೇ. ಅಡ್ಡ ಹಾಸಿದ ಫಲಕದ ಮೇಲೆ ತಾಸಿನ ಗೆರೆಗಳನ್ನು ಎಳೆದರೆ ಅವು ಸಮಾಂತರವಾಗಿ ಬೀಳುವದಿಲ್ಲ. ಮಧ್ಯಾಹ್ನದ ಆಚೀಚೆ ಒಂದು ತಾಸಿಗೆ ನಾಲ್ಕೇ ಅಂಶ. ಸಂಜೆ ಐದರಿಂದ ಆರರ ನಡುವೆ ನಾಲ್ವತ್ತೈದು ಅಂಶ. ಈ ಅಕ್ಷಾಂಶದಲ್ಲಿ ಹಾಸುಫಲಕವು ಎಲ್ಲಿ ಸೂಕ್ಷ್ಮತೆ ಬೇಕೋ ಅಲ್ಲಿಯೇ ಗೆರೆಗಳನ್ನು ಮುದ್ದೆಮಾಡುವದು. ಆದಕಾರಣ ಫಲಕವನ್ನು ವಿಷುವದ್ವೃತ್ತದ ಸಮತಲಕ್ಕೆ ಎತ್ತಿ ನಿಲ್ಲಿಸುವದು, ಇಲ್ಲವೆ ಅದೇ ಸಮತಲದಲ್ಲಿ ಒಂದು ಹಿತ್ತಾಳೆಯ ಅರ್ಧಬಳೆಯನ್ನು ಕೂಡಿಸುವದು ಮೇಲು. ಅಲ್ಲಿ ಪ್ರತಿ ತಾಸಿಗೂ ಸಮನಾಗಿ ಹದಿನೈದು ಅಂಶ ಸಿಗುವದು. ಇಷ್ಟಾದರೆ ಊರಿನ ಸ್ಪಷ್ಟ ಕಾಲ ದೊರೆಯಿತು. ಬಳೆಯನ್ನು ಅಕ್ಷದ ಸುತ್ತ ಏಳೂವರೆ ಅಂಶ ತಿರುಗಿಸಿ ಬಿಗಿದರೆ ಅರ್ಧ ತಾಸಿನ ಸಾಲವೂ ತೀರಿತು. ಯುದ್ಧಕಾಲದ ವೇಳೆ ಬೇಕಾದರೆ ಇನ್ನೂ ಹದಿನೈದು ಅಂಶ ತಿರುಗಿಸಬೇಕಾಗುತ್ತಿತ್ತು.

ಉಳಿಯುವದು ದಿನಕ್ಕೊಂದು ಬಗೆಯ ವೇಳಾಂತರ. ನಿಜವಾದ ಕೌಶಲವು ಇಲ್ಲಿಯೇ. ಹಳೆಯವರು ಫಲಕದ ಕೆಳಗೆ ಒಂದು ಕೋಷ್ಟಕವನ್ನು ಕೊರೆದು, ಇಂಥ ತಿಂಗಳಲ್ಲಿ ಇಷ್ಟು ಮಿನಿಟು ಕೂಡಿಸು, ಇಷ್ಟು ಕಳೆ ಎಂದು ನೋಡುವವನಿಗೇ ಕೆಲಸ ಹಚ್ಚಿದರು. 1892ರಲ್ಲಿ ಆಲಿವರನೆಂಬ ಬ್ರಿಟಿಷ್ ಸೇನಾಧಿಕಾರಿಯು ಮುಳ್ಳಿನ ಆಕಾರವನ್ನೇ ಬದಲಿಸಿದನು. ನೇರವಾದ ಸರಳಿನ ಬದಲಿಗೆ, ಕಡೆಚ್ಚಿನಲ್ಲಿ ಕಡೆದ ಲಟ್ಟಣಿಗೆಯಂತೆ ಒಂದೆಡೆ ಉಬ್ಬಿ ಒಂದೆಡೆ ಸೊರಗಿದ ಮುಳ್ಳು. ಸೂರ್ಯನ ಎತ್ತರವು ಋತುವಿಗನುಸರಿಸಿ ಬದಲಾದಂತೆ ಆ ಮುಳ್ಳಿನ ಬೇರೆ ಬೇರೆ ಭಾಗದ ನೆರಳು ತಾಸಿನ ಗೆರೆಯ ಮೇಲೆ ಬೀಳುವದು. ಉಬ್ಬಿದಲ್ಲಿ ನೆರಳಿನ ಅಂಚು ಅಷ್ಟು ಮಿನಿಟು ಸರಿದಿರುವದು. ಆದರೆ ಒಂದೇ ಎತ್ತರದಲ್ಲಿ ಸೂರ್ಯನು ವರ್ಷಕ್ಕೆ ಎರಡು ಸಲ ಬರುವನು. ಫೆಬ್ರುವರಿಯಲ್ಲಿಯೂ ನವೆಂಬರದಲ್ಲಿಯೂ ಎತ್ತರವು ಒಂದೇ ಇದ್ದು ವೇಳಾಂತರವು ತೀರ ವಿರುದ್ಧವಾಗಿರುವದು. ಆದ್ದರಿಂದ ಉತ್ತರಾಯಣಕ್ಕೊಂದು, ದಕ್ಷಿಣಾಯನಕ್ಕೊಂದು ಎಂದು ಎರಡು ಮುಳ್ಳುಗಳನ್ನು ಮಾಡಿ, ಜೂನ್ ಮತ್ತು ಡಿಸೆಂಬರದ ಸಂಧಿಗಳಲ್ಲಿ ಬದಲಿಸಬೇಕಾಗುವದು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಜರ್ಮನಿಯ ಮಾರ್ಟಿನ್ ಬರ್ನ್‌ಹಾರ್ಟನು ಇದೇ ತತ್ತ್ವದ ಮೇಲೆ ಬಹು ನಾಜೂಕಾದ ಯಂತ್ರಗಳನ್ನು ರೂಪಿಸಿದನು. ಇಂಗ್ಲಂಡದಲ್ಲಿ ಗಿಬ್ಸನೆಂಬವನು ಹಿಡಿದ ದಾರಿ ಬೇರೆ. ಸಣ್ಣ ರಂಧ್ರದಿಂದ ಬಿದ್ದ ಬಿಸಿಲಿನ ಚುಕ್ಕೆಯನ್ನು ಗೆರೆಯ ಮೇಲೆ ಕೂಡಿಸಿ, ದಿನದ ತಾರೀಖಿಗೆ ಚಕ್ರವನ್ನು ತಿರುಗಿಸಿದರೆ, ಒಳಗಿನ ಓರೆಹಲ್ಲೆಯು ವೇಳಾಂತರವನ್ನು ತಾನೇ ತಿದ್ದುವದು. ಅವನು ಹಕ್ಕುಪತ್ರ ಪಡೆದ ವರ್ಷವೂ 1906. ನಮ್ಮ ದೇಶಕ್ಕೆ ಪ್ರಮಾಣ ವೇಳೆ ಬಂದ ವರ್ಷ.

ಇಂಥ ಯಂತ್ರವು ಎಷ್ಟು ಸೂಕ್ಷ್ಮವಾದೀತು? ಆಕಾಶದಲ್ಲಿ ಸೂರ್ಯಬಿಂಬದ ಅಗಲವೇ ಅರ್ಧ ಅಂಶ; ಅಷ್ಟು ದೂರ ಚಲಿಸಲು ಅವನಿಗೆ ಎರಡು ಮಿನಿಟು ಬೇಕು. ಆದಕಾರಣ ಎಂಥ ಹರಿತವಾದ ಮುಳ್ಳಿನ ನೆರಳಿಗೂ ಎರಡು ಮಿನಿಟಿನಷ್ಟು ಮಸಕು ಅಂಚು ಇದ್ದೇ ತೀರುವದು. ಸವಾಯಿ ಜಯಸಿಂಹನು ಜಯಪುರದಲ್ಲಿ ಕಟ್ಟಿಸಿದ ಸಮ್ರಾಟ ಯಂತ್ರವು ಇಪ್ಪತ್ತೇಳು ಮೀಟರು ಎತ್ತರವಾಗಿದ್ದು ಎರಡೆರಡು ಸೆಕೆಂದಿನ ಗೆರೆಗಳನ್ನು ಹೊತ್ತಿರುವದು; ಅಲ್ಲಿಯೂ ಮಸಕು ಅಂಚು ಅಂಗೈಗಿಂತ ಅಗಲವಾಗಿರುವದು. ಯಂತ್ರವನ್ನು ದೊಡ್ಡದು ಮಾಡಿದಂತೆ ಮಸಕೂ ದೊಡ್ಡದಾಗುವದು. ಮಸಕಿನ ನಡುವನ್ನು ಹುಡುಕುವ ಕಣ್ಣಿನ ಅಭ್ಯಾಸವೇ ಅಲ್ಲಿ ಸೂಕ್ಷ್ಮತೆ. ಒಳ್ಳೆಯ ಯಂತ್ರ, ಒಳ್ಳೆಯ ಬಿಸಿಲು, ತಾಳ್ಮೆಯ ನೋಟ ಈ ಮೂರೂ ಕೂಡಿದರೆ ಅರ್ಧ ಮಿನಿಟಿನ ಒಳಗೆ ವೇಳೆಯನ್ನು ಹೇಳಬಹುದು.

ಧರ್ಮಪ್ರಶ್ನೆಗೆ ಈಗ ಬರಬಹುದು. ಸತ್ಯನಿಷ್ಠನೊಬ್ಬನು ಹೀಗೆ ಆಕ್ಷೇಪಿಸಬಹುದು: ನೆರಳೆಂಬುದು ಲೋಕದಲ್ಲಿ ಲಂಚ ತಿನ್ನದ ಏಕಮಾತ್ರ ಸಾಕ್ಷಿ, ಅದರ ಮುಳ್ಳನ್ನು ಉಬ್ಬಿಸಿ, ಬಳೆಯನ್ನು ತಿರುಗಿಸಿ, ಸರಕಾರದ ವೇಳೆಯನ್ನೇ ಅದರ ಬಾಯಿಂದ ಹೇಳಿಸುವದು ಸಾಕ್ಷಿಗೆ ಪಾಠ ಕಲಿಸಿದಂತಲ್ಲವೇ? ಈ ಆಕ್ಷೇಪವು ಗಟ್ಟಿಯಾದದ್ದು; ನಕ್ಕು ತಳ್ಳಿಬಿಡುವಂಥದಲ್ಲ. ಯಾಕಂದರೆ ಸುಳ್ಳು ಸಾಕ್ಷಿಯ ಲಕ್ಷಣವೇ, ಅದು ಕೇಳುವವನ ಇಷ್ಟಕ್ಕೆ ಹೊಂದಿಕೊಂಡಿರುವದು.

ಆದರೆ ಯಂತ್ರದ ಮುಂದೆ ನಿಂತು ನೋಡಿದರೆ ಆ ಹೋಲಿಕೆ ಸಡಿಲವಾಗುವದು. ಪಾಠ ಕಲಿತ ಸಾಕ್ಷಿಯು ತಾನು ಕಲಿತದ್ದನ್ನು ಮುಚ್ಚಿಡುವನು. ಈ ಯಂತ್ರವಾದರೋ ಕಲಿತದ್ದನ್ನೆಲ್ಲ ಮೈಮೇಲೆ ಹೊತ್ತು ಬಿಸಿಲಿನಲ್ಲಿ ನಿಂತಿರುವದು. ಮುಳ್ಳಿನ ಹೊಟ್ಟೆ ಯಾಕೆ ಉಬ್ಬಿತು ಎಂದು ಶಾಲೆಯ ಹುಡುಗನೂ ಕೇಳುವನು. ಕೇಳಿದವನಿಗೆ ಭುಜಾಂತರ ಉದಯಾಂತರಗಳ ಕಥೆಯನ್ನು ಹೇಳಲೇಬೇಕಾಗುವದು. ಬಳೆಯು ಏಳೂವರೆ ಅಂಶ ಯಾಕೆ ತಿರುಗಿದೆ ಎಂದು ಕೇಳಿದರೆ ಮಿರ್ಜಾಪುರದ ಹೆಸರನ್ನು ತೆಗೆಯಲೇಬೇಕು. ತಿದ್ದುಪಡಿಯೆಲ್ಲವನ್ನೂ ಬಿಚ್ಚಿ ಹಿಂದಕ್ಕೆ ಎಣಿಸಿದರೆ ಊರಿನ ಸೂರ್ಯನು ಹಾಗೆಯೇ ಸಿಗುವನು. ಒಂದು ಸೆಕೆಂದೂ ಕಳೆದುಹೋಗಿರುವದಿಲ್ಲ. ಹೀಗಿರುವಲ್ಲಿ ಹೊಂದಿಸಿ ಹೇಳುವದನ್ನು ಸುಳ್ಳೆಂದು ಕರೆಯಲಾಗದು. ಗೋಡೆಯ ಗಡಿಯಾರವೂ ಕಿಸೆಯೊಳಗಿನ ಫೋನೂ ಅದೇ ಅಂಕೆಯನ್ನು ತೋರಿಸುವವು, ಆದರೆ ಆ ಅಂಕೆಯು ಯಾವ ಯಾವ ರಾಜಿಗಳಿಂದ ಬಂದಿತೆಂಬ ಗುರುತನ್ನು ಉಳಿಸುವದಿಲ್ಲ. ಹೇಳಿದ ಮಾತು ಒಂದೇ ಆದರೂ, ಹೇಳಿದ ಬಗೆಯಲ್ಲಿ ಇರುವ ಈ ಭೇದವು ಸಣ್ಣದಲ್ಲ.

ಎರಡು ತಿದ್ದುಪಡಿಗಳಿಗೂ ಒಂದೇ ನೈತಿಕ ಬೆಲೆ ಕಟ್ಟುವದೂ ಸರಿಯಾಗದು. ವೇಳಾಂತರದ ತಿದ್ದುಪಡಿಯಲ್ಲಿ ಎಲ್ಲ ಊರುಗಳೂ ಒಂದೇ ಅಳತೆಯಲ್ಲಿ ಕೊಟ್ಟು ಕೊಳ್ಳುವವು. ಫೆಬ್ರುವರಿಯ ಬಾಕಿಯು ನವೆಂಬರದಲ್ಲಿ ತೀರುವದು. ವರ್ಷದಲ್ಲಿ ನಾಲ್ಕು ಸಲ ಖಾತೆಯು ಸೊನ್ನೆಗೆ ಬರುವದು. ಏರುಪೇರಿನ ದಿನಗಳನ್ನು ಸಮನಾಗಿ ಹಂಚಿಕೊಳ್ಳುವ ಈ ವ್ಯವಹಾರದಲ್ಲಿ ಯಾರಿಗೂ ಅನ್ಯಾಯವಿಲ್ಲ. ಪ್ರಮಾಣ ವೇಳೆಯ ಅರ್ಧ ತಾಸು ಹಾಗಲ್ಲ. ಧಾರವಾಡವು ಅದನ್ನು ದಿನಾಲು ಕೊಡುವದು. ಎಂದೂ ಹಿಂದಕ್ಕೆ ಪಡೆಯುವದಿಲ್ಲ. ದೇಶದ ಪೂರ್ವದ ಅಂಚಿನಿಂದ ಪಶ್ಚಿಮದ ಅಂಚಿಗೆ ಸೂರ್ಯನು ಬರಲು ಸುಮಾರು ಎರಡು ತಾಸು ಬೇಕಾಗಿರುವಾಗ, ಒಂದೇ ವೇಳೆಯ ಭಾರವು ಎಲ್ಲರ ಮೇಲೂ ಸಮನಾಗಿ ಬೀಳುವಂತಿಲ್ಲ. ಅಸ್ಸಾಮಿನ ಚಹದ ತೋಟಗಳಲ್ಲಿ ಗಡಿಯಾರವನ್ನು ಒಂದು ತಾಸು ಮುಂದಿಟ್ಟು ‘ಬಾಗಾನ್ ಟೈಮ್’ ಎಂಬ ಬೇರೆ ವೇಳೆಯನ್ನು ನಡೆಯಿಸಿಕೊಂಡು ಬಂದದ್ದು ಈ ಕಾರಣದಿಂದಲೇ. ಕರ್ನಾಟಕದೊಳಗೇ ಕೋಲಾರಕ್ಕೂ ಕಾರವಾರಕ್ಕೂ ಹದಿನಾರು ಮಿನಿಟಿನ ಅಂತರ. ಧಾರವಾಡಕ್ಕೆ ಬಿದ್ದ ಅರ್ಧ ತಾಸಿನ ಭಾರವನ್ನು ಹಗುರೆಂದೇ ಹೇಳಬೇಕು. ಅದಕ್ಕೆ ಪ್ರತಿಯಾಗಿ ರೈಲಿನ ವೇಳಾಪಟ್ಟಿ, ಪರೀಕ್ಷೆಯ ಗಂಟೆ, ರೇಡಿಯೋ, ಹೀಗೆ ದೇಶವು ಒಟ್ಟಾಗಿ ಮಾಡುವ ಕೆಲಸಗಳೆಲ್ಲದರಲ್ಲಿ ಪಾಲು ದೊರೆಯುವದು. ಊರಿಗೊಂದು ವೇಳೆಯ ಕಾಲವನ್ನು ನೆನೆದು ನಿಟ್ಟುಸಿರು ಬಿಡುವವರು ಹುಬ್ಬಳ್ಳಿಯಿಂದ ಮುಂಬಯಿಗೆ ಒಂದು ಸಲವಾದರೂ ಆ ಲೆಕ್ಕದಿಂದ ಪ್ರಯಾಣಮಾಡಿ ನೋಡಬೇಕಾಗಿತ್ತು.

ಭಾರವು ಹಗುರಾದರೂ ಅದನ್ನು ಹೊರುವವನ ಒಪ್ಪಿಗೆ ಕೇಳಲಾಯಿತೇ ಎಂಬ ಪ್ರಶ್ನೆ ಬೇರೆಯೇ ಉಳಿಯುವದು. 1906ರ ಜನವರಿಯಲ್ಲಿ ಮುಂಬಯಿಯ ಅರಳೆಯ ಗಿರಣಿಗಳ ಸಾವಿರಾರು ಕೆಲಸಗಾರರು ಹೊಸ ವೇಳೆಯನ್ನು ವಿರೋಧಿಸಿ ಮಗ್ಗ ಬಿಟ್ಟು ಕಲ್ಲೆಸೆದರು. ನಗರದ ಸಾವಿರಾರು ನಾಗರಿಕರು ಮನವಿಗಳಿಗೆ ಸಹಿ ಹಾಕಿದರು. ಅಲ್ಲಿ ಹೊಸ ವೇಳೆಯು ಹಳೆಯದಕ್ಕಿಂತ 39 ಮಿನಿಟು ಮುಂದೆ. ಗಿರಣಿಯ ಭೋಂಗಾ ಊದುವ ಅಂಕೆಯು ಬದಲಾಗದೆ ಗಡಿಯಾರ ಮಾತ್ರ ಮುಂದೆ ಸರಿದರೆ, ಕೆಲಸಗಾರನು ಅಷ್ಟು ಹೊತ್ತು ಮೊದಲೇ, ಕತ್ತಲೆಯಲ್ಲಿಯೇ, ಏಳಬೇಕಾಗುವದು. ಅಂಕೆ ಅದೇ, ಕರಾರು ಅದೇ, ಕೂಲಿ ಅದೇ; ನಿದ್ದೆ ಮಾತ್ರ ಕಡಿಮೆ. ಸುಶಿಕ್ಷಿತರಿಗೆ ಖಗೋಲದ ವಿಷಯವಾಗಿ ತೋರಿದ್ದು ಅವನಿಗೆ ಬೆಳಗಿನ ಮುಕ್ಕಾಲು ತಾಸಿನ ವಿಷಯವಾಗಿತ್ತು. ಮುಂಬಯಿಯ ನಗರಸಭೆಯು ಸುಮಾರು ಅರ್ಧ ಶತಮಾನ ತನ್ನ ಹಳೆಯ ವೇಳೆಯನ್ನೇ ಹಿಡಿದು ಕುಳಿತದ್ದನ್ನು ಬರಿಯ ಹಟವೆಂದು ನಗುವವರು ಈ ಕೆಲಸಗಾರನನ್ನು ಲೆಕ್ಕಕ್ಕೆ ತೆಗೆದುಕೊಂಡಂತಿಲ್ಲ. ಹುಬ್ಬಳ್ಳಿಯಂಥ ರೇಲ್ವೆ ಕಾರಖಾನೆಯ ಊರಿಗೂ ಆ ಲೆಕ್ಕ ತಿಳಿಯದ್ದಲ್ಲ.

ಒಪ್ಪಂದದಿಂದ ಬರುವ ಹಾನಿಗಿಂತ ಒಪ್ಪಂದವನ್ನು ಮರೆಯುವದರಿಂದ ಬರುವ ಹಾನಿಯು ಹೆಚ್ಚು ಗುಪ್ತವಾದದ್ದು. ಸುಶಿಕ್ಷಿತ ಮನೆಗಳಲ್ಲಿಯೇ ನಡೆಯುವ ಒಂದು ಉದಾಹರಣೆಯನ್ನು ನೋಡಬಹುದು. ಒಳ್ಳೆಯ ಮುಹೂರ್ತವು ಕೂಡಿಬರದಿದ್ದರೆ ‘ಅಭಿಜಿನ್ಮುಹೂರ್ತವಂತೂ ಇದ್ದೇ ಇದೆ, ಹನ್ನೆರಡು ಗಂಟೆಗೆ ಮಾಡಿರಿ’ ಎಂದು ಹಿರಿಯರು ಹೇಳುವದುಂಟು. ಅಭಿಜಿತ್ತೆಂದರೆ ಹಗಲನ್ನು ಹದಿನೈದು ಪಾಲು ಮಾಡಿದಾಗ ನಡುವೆ ಬರುವ ಎಂಟನೆಯ ಪಾಲು. ನಿಜವಾದ ಮಧ್ಯಾಹ್ನದ ಆಚೀಚೆ ಸುಮಾರು ಇಪ್ಪತ್ತನಾಲ್ಕು ಮಿನಿಟು. ಫೆಬ್ರುವರಿಯ ಮಧ್ಯದಲ್ಲಿ ಧಾರವಾಡದಲ್ಲಿ ಅದು ಪ್ರಾರಂಭವಾಗುವದೇ ಗಡಿಯಾರದ 12 ಗಂಟೆ 21 ಮಿನಿಟಿಗೆ. ಹನ್ನೆರಡರ ಹೊಡೆತಕ್ಕೆ ಅಕ್ಷತೆ ಹಾಕಿದವರು ಅಭಿಜಿತ್ತಿಗೆ ಮೊದಲೇ ಕೆಲಸ ಮುಗಿಸಿ ಎಲೆ ಹಾಕಿರುವರು! ಲೆಕ್ಕ ಹಾಕಿ ನೋಡಿದರೆ ಈ ಊರಿನಲ್ಲಿ ಗಡಿಯಾರದ ಹನ್ನೆರಡು ಅಭಿಜಿತ್ತಿನ ಒಳಗೆ ಬೀಳುವದು ಸೆಪ್ಟೆಂಬರದ ಉತ್ತರಾರ್ಧದಿಂದ ಡಿಸೆಂಬರದ ಮೊದಲ ವಾರದ ವರೆಗೆ ಮಾತ್ರ. ವರ್ಷದ ಉಳಿದ ಒಂಬತ್ತು ತಿಂಗಳು ಹೊರಗೆ. ಮುಹೂರ್ತದಲ್ಲಿ ನಂಬಿಕೆಯಿಲ್ಲದವನಿಗೆ ಇದರಿಂದ ಬಾಧಕವಿಲ್ಲ. ನಂಬಿಕೆಯಿದ್ದು ಗಡಿಯಾರವನ್ನು ನೋಡಿ ಕೈ ಮುಗಿಯುವವನ ಸ್ಥಿತಿಯೇ ಶೋಚನೀಯವಾದದ್ದು. ಅವನು ಶಾಸ್ತ್ರವನ್ನೂ ಪಾಲಿಸಲಿಲ್ಲ, ಬಿಡಲೂ ಇಲ್ಲ. ಹೆಸರನ್ನು ಉಳಿಸಿಕೊಂಡು ಅದರೊಳಗಿನ ವಸ್ತುವನ್ನು ಕಳೆದುಕೊಂಡದ್ದು ಅವನಿಗೆ ತಿಳಿಯಲೇ ಇಲ್ಲ.

ಇದೇ ಊರಿನ ಮಸೀದಿಗಳ ರೂಢಿಯು ಈ ವಿಷಯದಲ್ಲಿ ಹೆಚ್ಚು ಎಚ್ಚರದ್ದು. ಮಧ್ಯಾಹ್ನದ ಜುಹರ್ ನಮಾಜಿನ ವೇಳೆಯು ಸೂರ್ಯನು ನೆತ್ತಿಯ ರೇಖೆಯನ್ನು ದಾಟಿದ ಮೇಲೆ ಪ್ರಾರಂಭವಾಗುವದು. ಅಸರ್ ನಮಾಜಿನ ವೇಳೆಯನ್ನು ನೆರಳಿನ ಉದ್ದದಿಂದಲೇ ಗೊತ್ತುಮಾಡುವರು. ಮಧ್ಯಾಹ್ನದ ನೆರಳಿನ ಮೇಲೆ ಕೋಲಿನಷ್ಟೇ ಉದ್ದ ಹೆಚ್ಚಿದಾಗ ಎಂದು ಒಂದು ಪಂಥ, ಎರಡರಷ್ಟು ಹೆಚ್ಚಿದಾಗ ಎಂದು ಇನ್ನೊಂದು. ಅವುಗಳ ವೇಳಾಪಟ್ಟಿಯು ಗಡಿಯಾರದ ಅಂಕೆಗಳಲ್ಲಿಯೇ ಬರೆದದ್ದಾದರೂ ದಿನದಿಂದ ದಿನಕ್ಕೆ ಬದಲಾಗುತ್ತ ಹೋಗುವದು. ಅಂದರೆ ಆ ಪಟ್ಟಿಯೂ ಕಾಗದದ ಮೇಲಿನ ಒಂದು ಉಬ್ಬುಮುಳ್ಳೇ. ಜನರ ಅಂಕೆಯಲ್ಲಿ ಮಾತಾಡುತ್ತಲೇ ಸೂರ್ಯನ ಲೆಕ್ಕವನ್ನು ಬಿಡದೆ ಇರುವ ಬಗೆಯು ಇದು. ಪಂಚಾಂಗವನ್ನು ಊರಿನ ರೇಖಾಂಶಕ್ಕೆ ಹೊಂದಿಸಿಕೊಂಡು ನೋಡುವ ಜೋಯಿಸರೂ ಇದನ್ನೇ ಮಾಡುವರು. ಮೈಸೂರಿನ ಪಂಚಾಂಗವನ್ನು ಹಿಡಿದು ಧಾರವಾಡದಲ್ಲಿ ಸೂರ್ಯೋದಯ ಹೇಳುವವನು ದೇಶಾಂತರದ ಆರೂವರೆ ಮಿನಿಟನ್ನಾದರೂ ನೆನಪಿಡಬೇಕಲ್ಲವೇ?

ಸತ್ಯನಿಷ್ಠನು ಇಷ್ಟಕ್ಕೆ ಸುಮ್ಮನಾಗನು. ‘ಆಯಿತು, ಒಪ್ಪಂದದ ವೇಳೆಯು ಸಭ್ಯವಾದ ರಾಜಿಯೇ ಇರಲಿ, ಆದರೆ ಕೊನೆಯ ತೀರ್ಪು ಸೂರ್ಯನದೇ’ ಎಂದು ಅವನು ಹೇಳುವನು. ಇದೂ ಈಗ ಪೂರ್ತಿ ನಿಲ್ಲುವ ಮಾತಲ್ಲ. 1967ರಿಂದ ಸೆಕೆಂದಿನ ಅಳತೆಯನ್ನು ಸೀಸಿಯಮ್ ಪರಮಾಣುವಿನ ಕಂಪನದಿಂದ ನಿಶ್ಚಯಿಸಲಾಗಿದೆ. ಆ ಅಳತೆಗೆ ಹೋಲಿಸಿದರೆ ಭೂಮಿಯ ತಿರುಗಾಟವೇ ಒಮ್ಮೆ ನಿಧಾನ, ಒಮ್ಮೆ ಚುರುಕು. 1972ರಿಂದ 2016ರ ವರೆಗೆ ಇಪ್ಪತ್ತೇಳು ಸಲ ಒಂದೊಂದು ಸೆಕೆಂದನ್ನು ಸೇರಿಸಿ ಗಡಿಯಾರಗಳನ್ನು ಭೂಮಿಗೆ ಹೊಂದಿಸಬೇಕಾಯಿತು. ಈ ಹೊಂದಾಣಿಕೆಯನ್ನು 2035ರ ಒಳಗೆ ಸಡಿಲಿಸಬೇಕೆಂದು ಅಂತರರಾಷ್ಟ್ರೀಯ ಅಳತೆಯ ಸಮ್ಮೇಳನವು 2022ರಲ್ಲಿ ನಿಶ್ಚಯಿಸಿತು. ಸೂರ್ಯನನ್ನು ಸಾಕ್ಷಿಯೆಂದು ಕರೆದವರು ಅವನ ಮೇಲೆಯೂ ಒಬ್ಬ ಸಾಕ್ಷಿಯನ್ನು ಕೂಡಿಸಿರುವರು. ಹಾಗೆಂದು ನೆರಳು ಸುಳ್ಳಾಗಲಿಲ್ಲ. ಈ ಅಂಗಳದಲ್ಲಿ ಈಗ ಸೂರ್ಯನು ಎಲ್ಲಿರುವನು ಎಂಬ ಪ್ರಶ್ನೆಗೆ ಅದರ ಉತ್ತರವು ಇಂದಿಗೂ ಅಂತಿಮ. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಪರಮಾಣು ಗಡಿಯಾರವು ಉತ್ತರಿಸುವ ಪ್ರಶ್ನೆಯೇ ಬೇರೆ. ಒಂದು ಉತ್ತರವನ್ನು ಇನ್ನೊಂದರ ಪ್ರಶ್ನೆಗೆ ಕೊಡುವಲ್ಲಿ ಮಾತ್ರ ಅಸತ್ಯವು ನುಸುಳುವದು. ಗಡಿಯಾರವನ್ನು ತೋರಿಸಿ ಇದೇ ಮಧ್ಯಾಹ್ನವೆಂದರೆ ಅದು ಅಂಥ ನುಸುಳು. ನೆರಳನ್ನು ತೋರಿಸಿ ರೈಲು ಇನ್ನೂ ಹೋಗಿಲ್ಲವೆಂದರೆ ಅದೂ ಅಂಥದೇ, ಮತ್ತು ಹೆಚ್ಚು ಬೇಗ ಬಯಲಾಗುವಂಥದು.

ಧಾರವಾಡಕ್ಕೆಂದು ಕಡೆದ ಇಂಥ ಯಂತ್ರವೊಂದನ್ನು ಹುಬ್ಬಳ್ಳಿಗೆ ಒಯ್ದರೆ ಏನಾಗುವದೆಂಬುದನ್ನೂ ಹೇಳಿಬಿಡಬೇಕು. ಎರಡೂ ಊರುಗಳನ್ನು 1962ರಲ್ಲಿ ಒಂದೇ ಮಹಾನಗರಪಾಲಿಕೆಯ ಕೆಳಗೆ ತರಲಾಯಿತು. ಹಾದಿಯು ಇಪ್ಪತ್ತು ಕಿಲೋಮೀಟರಿನಷ್ಟು. ಆದರೆ ಹುಬ್ಬಳ್ಳಿಯು ಪೂರ್ವಕ್ಕಿರುವದರಿಂದ ಸೂರ್ಯನು ಅಲ್ಲಿ ಸುಮಾರು ಅರ್ಧ ಮಿನಿಟು ಮೊದಲೇ ನೆತ್ತಿಗೆ ಬರುವನು. ಸಾದಾ ನೆರಳುಗಡಿಯಾರಕ್ಕೆ ಈ ಅಂತರವು ತಿಳಿಯುವದೇ ಇಲ್ಲ. ಸೂಕ್ಷ್ಮ ಯಂತ್ರಕ್ಕೆ ತಿಳಿಯುವದು. ಅದನ್ನು ಹುಬ್ಬಳ್ಳಿಯ ಯಾವುದಾದರೂ ಮಾಳಿಗೆಯ ಮೇಲೆ ನಿಲ್ಲಿಸುವವನು ಬಳೆಯ ತಿರುಪನ್ನು ಸಡಿಲಿಸಿ, ಒಂದು ಅಂಶದ ಎಂಟನೆಯ ಒಂದು ಪಾಲಿನಷ್ಟು ಹಿಂದಕ್ಕೆ ತಿರುಗಿಸಿ, ಮತ್ತೆ ಬಿಗಿಯಬೇಕು.